ಮಂಗರಬಳ್ಳಿಯ ತುರಿಕೆ ಕೊನೆಗೂ ಹಾದಿಗೆ ಬಂತು

ಹುಣಸೆ ಚಿಗುರಿನ ಬೇಳೆ, ಬೇವಿನ ಹೂವಿನ ಒಗ್ಗರಣೆ, ಗೋಳಿ ಪಲ್ಯ ಇವೆಲ್ಲ ಈ ಚೈತ್ರದಲ್ಲಿ ತಂಟೆಯಿಲ್ಲದೆ ಮುಗಿದವು. ವಿಧಾನ ನಿಮಗೆ ಗೊತ್ತಿರುವುದೇ, ಬಿಡಿ. ಜಗಳವೆಲ್ಲ ಮಂಗರಬಳ್ಳಿಯ ಜೊತೆ, ಬೇಲಿಯ ಮೇಲೆ ಹಬ್ಬುವ ನಾಲ್ಕು ಏಣಿನ ಕಾಂಡದ ಬಳ್ಳಿ ಅದು. ಅದರ ಕುಡಿಯ ಚಟ್ನಿ ಬಾಯಿಗೆ ರುಚಿಯಾಗಿಯೇ ಇರುತ್ತಿತ್ತು. ಅರ್ಧ ರೊಟ್ಟಿ ಮುಗಿಯುವ ಹೊತ್ತಿಗೆ ಗಂಟಲು ಕೆರೆಯಲು ಶುರು. ಮೊದಲ ತುತ್ತಿನಲ್ಲಿ ಸುಳಿವೇ ಕೊಡುವುದಿಲ್ಲ, ಅಷ್ಟು ಕಪಟಿ.

ಕಾಂಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಾಕಾರದ ಹರಳುಗಳಿವೆ. ಅವು ನೀರಿನಲ್ಲಿ ಕರಗುವುದಿಲ್ಲ, ಕುದಿಸಿದರೂ ಜಗ್ಗುವುದಿಲ್ಲ. ಆದ್ದರಿಂದ ಬೇಯಿಸಿ ನೀರು ಬಸಿಯುವ ಉಪಾಯ ವ್ಯರ್ಥವಾಯಿತು. ರಾತ್ರಿಯಿಡೀ ಮಜ್ಜಿಗೆಯಲ್ಲಿ ನೆನೆಸಿದ್ದೂ ಅಷ್ಟೇ. ಒಳ್ಳೆಯ ಮಜ್ಜಿಗೆ ಹಾಳಾಯಿತು. ನೆರೆಮನೆಯ ದೊಡ್ಡವ್ವನದು ಒಂದೇ ಸಲಹೆ: "ಇನ್ನೊಂದಿಷ್ಟು ಹುಣಸೆಹಣ್ಣು ಹಾಕು ತಂಗಿ." ಹಾಕಿದೆ. ಹುಳಿಗೆ ಹಲ್ಲು ಜುಮ್ಮೆಂದವು, ತುರಿಕೆ ಮಾತ್ರ ಇದ್ದಲ್ಲೇ ಇತ್ತು.

ಸಂತೆಯಲ್ಲಿ ಬಳ್ಳಿ ಮಾರುವವನ ಮಾತನ್ನೂ ಹೇಳಿಬಿಡುತ್ತೇನೆ. "ಎಳೆಯದೇ ಇದೆ ಅಕ್ಕಾ" ಎಂದು ಅವನು ಕೊಡುವ ಕಟ್ಟಿನಲ್ಲಿ ಮೇಲಿನ ನಾಲ್ಕು ಕುಡಿ ಮಾತ್ರ ಎಳೆಯವು, ಒಳಗೆಲ್ಲ ಎತ್ತು ಕಟ್ಟಲು ಆಗುವಂಥ ನಾರು. ಬೇಸತ್ತು ಬಾದಾಮಿ ಕಡೆಯ ಪರಿಚಯದವರ ಹೊಲದ ಬೇಲಿಗೇ ಹೋದೆ. ಅಡ್ಡಮಳೆ ಒಂದು ಬಿದ್ದಿತ್ತು. ಕೆಂಪು ಮಣ್ಣಿನ ಬದುವಿನಲ್ಲಿ ಕಳ್ಳಿಯ ಮೇಲೆ ಹಬ್ಬಿದ ಬಳ್ಳಿಗೆ ಹೊಸ ಕುಡಿ ಒಡೆದಿತ್ತು.

ಆ ಒಂದೇ ಬೇಲಿಯ ಕುಡಿಗಳನ್ನು ಪಾಲು ಮಾಡಿದೆ. ಒಂದು ಪಾಲನ್ನು ಹುರಿಯದೆ, ಹುಣಸೆಹಣ್ಣು ಧಾರಾಳವಾಗಿ ಹಾಕಿ ಅರೆದೆ. ಇನ್ನೊಂದನ್ನು ಹುಣಸೆ ಮುಟ್ಟಿಸದೆ ಎಣ್ಣೆಯಲ್ಲಿ ಹುರಿದೆ. ಹಸಿರು ಹೋಗಿ ಕಂದು ತಿರುಗಿ, ತುಂಡು ಮುದುಡಿಕೊಳ್ಳುವವರೆಗೆ ಸಣ್ಣ ಉರಿ. ಹುರಿಯದ ಪಾಲು ಗಂಟಲನ್ನು ಬಿಡಲಿಲ್ಲ. ಹುರಿದದ್ದು ಬಹುಮಟ್ಟಿಗೆ ಸೌಮ್ಯ! ಹುಣಸೆಹಣ್ಣಿಗೆ ಸಲ್ಲುತ್ತಿರುವ ಕೀರ್ತಿಯಲ್ಲಿ ಹೆಚ್ಚಿನ ಪಾಲು ಎಣ್ಣೆಗೆ ಸಲ್ಲಬೇಕು ಎಂಬುದು ನನ್ನ ತೀರ್ಪು. ದೊಡ್ಡವ್ವ ಇನ್ನೂ ಒಪ್ಪಿಲ್ಲ.

"ಬಹುಮಟ್ಟಿಗೆ" ಎಂದೆನಲ್ಲ, ಆ ಉಳಿದ ಚೂರು ತುರಿಕೆ ಬಲಿತ ಗೆಣ್ಣುಗಳದ್ದು. ಈಗ ಕುಡಿಯನ್ನು ಬಗ್ಗಿಸಿ ನೋಡುತ್ತೇನೆ. ಪಟ್ಟೆಂದು ಮುರಿದರೆ ಒಳಗೆ, ನಾರು ಎಳೆದುಕೊಂಡು ಜೋತಾಡಿದರೆ ಆಚೆಗೆ. ಗೆಣ್ಣುಗಳನ್ನು ಕತ್ತರಿಸಿ ಎಸೆಯುತ್ತೇನೆ, ನಾಲ್ಕು ಏಣುಗಳ ನಾರನ್ನು ಹೆರೆಯುತ್ತೇನೆ, ಕೈಗೆ ಮೊದಲೇ ಎಣ್ಣೆ ಸವರಿಕೊಳ್ಳುತ್ತೇನೆ. ಹುರಿಯುವಾಗಲೇ ಹುಣಸೆಹಣ್ಣನ್ನೂ ಬಾಣಲೆಗೆ ಹಾಕಿದರೆ ರುಚಿ ಚೆನ್ನಾಗಿ ಕೂಡುತ್ತದೆ. ಆಮೇಲೆ ಒಣ ಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿದ ಗುರೆಳ್ಳು, ಉಪ್ಪು. ಬಿಸಿ ಜೋಳದ ರೊಟ್ಟಿಗೆ ಇದಕ್ಕಿಂತ ಬೇರೆ ಬೇಡ. ಮೂತ್ರಪಿಂಡದಲ್ಲಿ ಕಲ್ಲಾಗುವವರು ಮಾತ್ರ ಈ ಚಟ್ನಿಯ ಗೊಡವೆಗೆ ಹೋಗಬೇಡಿ, ಆಕ್ಸಲೇಟ್ ಎಲ್ಲಿಗೂ ಹೋಗಿರುವುದಿಲ್ಲ.

ಎಣ್ಣೆಯ ವಿಷಯದಲ್ಲಿ ಇನ್ನೊಂದು ಗೋಳು. ಗಾಣದ ಕುಸುಬೆ ಎಣ್ಣೆ ಎಂದು ದುಡ್ಡು ಎಣಿಸಿಕೊಂಡು ಕೊಟ್ಟ ಡಬ್ಬಿಯಲ್ಲಿ ಕುಸುಬೆಯ ಪರಿಮಳವೇ ಇಲ್ಲ. ಕೇಳಿದರೆ ಮಾರಿದವನು "ಈ ವರ್ಷದ ಬೀಜವೇ ಹಾಗೆ" ಎನ್ನುತ್ತಾನೆ. ಕುಸುಬೆ ಬೆಳೆಯುವ ಸೀಮೆಯಲ್ಲಿ ಕುಳಿತು ಈ ಮಾತು ಕೇಳಬೇಕು! ಮುಂದಿನ ಸಲ ಬೀಜವನ್ನು ನಾನೇ ಕೊಂಡು ಗಾಣಕ್ಕೆ ಒಯ್ಯುತ್ತೇನೆ, ಎದುರಿಗೇ ನಿಂತು ಹಿಂಡಿಸುತ್ತೇನೆ.

ಈ ನಡುವೆ ತಲೆಯಲ್ಲಿ ಇನ್ನೊಂದು ಹುಳು ಹೊಕ್ಕಿದೆ. ಬಾದಾಮಿಯ ಬನಶಂಕರಿಗೆ ಶಾಕಾಂಬರಿ ಎಂಬ ಹೆಸರೂ ಇದೆ. ಬನದ ಹುಣ್ಣಿಮೆಯ, ಅಂದರೆ ಪುಷ್ಯದ ಹುಣ್ಣಿಮೆಯ ಹೊತ್ತಿಗೆ ಅಲ್ಲಿ 108 ಬಗೆಯ ಪಲ್ಯದ ನೈವೇದ್ಯ. ಮನೆಮಟ್ಟಿಗೆ, ಬಿತ್ತದೆ ಬೆಳೆದವುಗಳಿಂದಲೇ ಒಂದು ಎಡೆ ತುಂಬಿಸಿದರೆ ಹೇಗೆ? ಪುಷ್ಯದಲ್ಲಿ ಹೊಲದಲ್ಲಿ ಹಕ್ಕರಕಿ ಸೊಪ್ಪು ಸಿಗುತ್ತದೆ, ಆದರೆ ಹುಣಸೆ ಚಿಗುರು ಎಲ್ಲಿಂದ ತರುವುದು? ಈಗಲೇ ಒಣಗಿಸಿಡಬೇಕು. ಬಿಸಿಲಿಗೆ ಹಾಕಿದ್ದು ಕಂದಾಗಿ ಒಣಹುಲ್ಲಿನ ವಾಸನೆ ಹಿಡಿಯಿತು. ಈಗ ಅಟ್ಟದ ನೆರಳಿನಲ್ಲಿ ಹಳೆಯ ಧೋತರದ ಮೇಲೆ ತೆಳುವಾಗಿ ಹರಡಿದ್ದೇನೆ, ಹಸಿರು ಇನ್ನೂ ನಿಂತಿದೆ. ಪುಡಿ ಮಾಡುವುದೋ ಎಲೆಯಾಗಿಯೇ ಡಬ್ಬಿಗೆ ತುಂಬುವುದೋ, ತೀರ್ಮಾನವಾಗಿಲ್ಲ.

ಸಂತೆಯವನ ಹಂಗೂ ಬೇಡವೆಂದು ಮಂಗರಬಳ್ಳಿಯ ಗೆಣ್ಣುಗಳನ್ನು ಹಿತ್ತಲ ಕಾಂಪೌಂಡಿನ ಬುಡದಲ್ಲಿ ನೆಟ್ಟಿದ್ದೇನೆ. ತುಂಡು ಊರಿದರೆ ಸಾಕು, ಬೇರು ಬಿಡುತ್ತದೆ. ನೀರು ಜಾಸ್ತಿಯಾದರೆ ಮಾತ್ರ ಕೊಳೆಯುತ್ತದೆ, ಹಾಗಾಗಿ ಮನೆಯವರಿಗೆಲ್ಲ ಕೊಡ ಹಿಡಿದು ಆ ಕಡೆ ಸುಳಿಯಬಾರದೆಂದು ತಾಕೀತು ಮಾಡಿದ್ದೇನೆ.