ಜನ ಎಲ್ಲಿ ಮಾರಾಯ?

ಗುಡ್ ಫ್ರೈಡೆಯ ಬೆನ್ನಿಗೆ ಶನಿವಾರ, ಭಾನುವಾರ ಸೇರಿಕೊಂಡದ್ದರಿಂದ ಕಳೆದ ವಾರ ಚಿಕ್ಕಮಗಳೂರಿನವರು ಮನೆಯಿಂದ ಹೊರಗೆ ಕಾಲಿಡುವ ಹಾಗಿರಲಿಲ್ಲ. ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ ಮುಂಗಡ ನೋಂದಣಿ ಕಡ್ಡಾಯ ಮಾಡಿದ ಮೇಲೂ ಕೈಮರದ ಚೆಕ್‌ಪೋಸ್ಟಿನಲ್ಲಿ ನಿಂತು ವಾದ ಮಾಡುವವರಿಗೆ ಕೊರತೆಯಿಲ್ಲ. ನಮ್ಮ ಎದುರು ಮನೆಯವರಂತೂ ಮಹಡಿಯ ಮೇಲೆ ಹೋಂಸ್ಟೇ ಮಾಡಿಕೊಂಡು, ಕೆಳಗೆ ಗೇಟಿನಲ್ಲಿ ನಿಂತು ಪ್ರವಾಸಿಗರನ್ನು ಬೈಯುತ್ತಾರೆ. ಇವರ ಬೈಗುಳವೂ ಬಾಡಿಗೆಯಲ್ಲಿ ಸೇರಿದೆಯೋ ಏನೋ.

ಈ ಗದ್ದಲದ ನಡುವೆ ದೊಡ್ಡಮ್ಮ ಬಂದಿದ್ದರು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲಿನ ತಪಾಸಣೆಗೆ ಎಂ.ಸಿ. ಹಳ್ಳಿಯಿಂದ ಬಸ್ಸಿನಲ್ಲಿ ಒಬ್ಬರೇ ಬಂದವರು. ಪೊರೆ ಹೋದ ಮೇಲೆ ಅವರಿಗೆ ಕಾಣಿಸದ ವಸ್ತುವಿಲ್ಲ. ಬಂದ ಅರ್ಧ ಗಂಟೆಯಲ್ಲೇ ಮನೆಯ ಜೇಡರ ಬಲೆಗಳನ್ನೆಲ್ಲ ಪತ್ತೆ ಹಚ್ಚಿ ನನ್ನ ಹೆಂಡತಿಯ ಮುಖ ಊದಿಸಿದರು. ಆಮೇಲೆ ಗೋಡೆಯ ಮೇಲಿನ ನನ್ನ ಫೋಟೋಗಳ ಸರದಿ.

ಅವು ಕಳೆದ ವಸಂತದಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ತೆಗೆದ ಮರುಭೂಮಿಯ ಕಮರಿಗಳ ಚಿತ್ರಗಳು. ದೊಡ್ಡದಾಗಿ ಮುದ್ರಿಸಿ, ಚೌಕಟ್ಟು ಹಾಕಿಸಿ ಸಾಲಾಗಿ ತೂಗುಹಾಕಿದ್ದೆ. ದೊಡ್ಡಮ್ಮ ಒಂದೊಂದರ ಮುಂದೆಯೂ ನಿಂತು, ಕುತ್ತಿಗೆ ಚಾಚಿ, ಸೆರಗಿನಿಂದ ಗಾಜು ಒರೆಸಿ ನೋಡಿದರು. ಕೊನೆಯದನ್ನು ಮುಗಿಸಿ ನನ್ನ ಕಡೆ ತಿರುಗಿದರು.

"ಜನ ಎಲ್ಲಿ ಮಾರಾಯ?"

ಜನ ಇರಲಿಲ್ಲ, ಅದಕ್ಕೇ ಹೋಗಿದ್ದು ಎಂದೆ. "ಜನವೇ ಇಲ್ಲದ ಕಡೆಗೆ ಅಷ್ಟು ದುಡ್ಡು ಕೊಟ್ಟು ಹೋಗಿದ್ದೆಯಾ?" ಎಂದರು. ಹೆಂಡತಿ ಅಡುಗೆಮನೆಯಲ್ಲಿ ನಕ್ಕಿದ್ದು ಕೇಳಿಸಿತು. ಜೇಡರ ಬಲೆಯ ಸೇಡು ತೀರಿತ್ತು.

ಆ ಜನವಿಲ್ಲದ ಜಾಗಕ್ಕಾಗಿ ನಾನು ಪಟ್ಟ ಪಾಡು ದೊಡ್ಡಮ್ಮನಿಗೆ ಹೇಗೆ ಗೊತ್ತಾಗಬೇಕು? ಮಗಳಿರುವುದು ಸಾಲ್ಟ್ ಲೇಕ್ ಸಿಟಿಯಲ್ಲಿ. ಅಳಿಯನಿಗೆ ಝಯಾನ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ಯುವ ಆಸೆ. ಒಳ್ಳೆಯ ಹುಡುಗ, ಆದರೆ ಪ್ರವಾಸವನ್ನು ಲೆಕ್ಕಪರಿಶೋಧನೆಯ ಶಿಸ್ತಿನಲ್ಲಿ ನಡೆಸುತ್ತಾನೆ. ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಜನ ಹೋಗುವ ಝಯಾನ್‌ನಲ್ಲಿ ಏಂಜಲ್ಸ್ ಲ್ಯಾಂಡಿಂಗ್ ಎಂಬ ಬಂಡೆ ಹತ್ತುವುದಕ್ಕೂ 2022ರಿಂದ ಲಾಟರಿ ಎತ್ತುತ್ತಾರೆ. ಸರತಿಯಲ್ಲಿ ನಿಲ್ಲುವುದಕ್ಕೆ ನಮ್ಮ ಕೈಮರ ಸಾಕು ಎಂದು ನಾನು ಹಟ ಹಿಡಿದೆ. ಮಗಳು ನನ್ನ ಪರ ವಹಿಸಿದಳು. ಶಾಲೆಗಳ ವಸಂತ ರಜೆ ಮುಗಿಯಲಿ ಎಂದು ಕಾದು, ಏಪ್ರಿಲ್ ನಡುವಿನಲ್ಲಿ, ಅದೂ ವಾರದ ನಡುವೆ, ಅದೇ ರಾಜ್ಯದ ಇನ್ನೊಂದು ರಾಷ್ಟ್ರೀಯ ಉದ್ಯಾನವಾದ ಕ್ಯಾಪಿಟಲ್ ರೀಫ್‌ಗೆ ಹೋದೆವು.

ಅಲ್ಲಿ ಭೂಮಿಯ ಪದರ ಮಡಚಿಕೊಂಡು ಸುಮಾರು 160 ಕಿಲೋಮೀಟರ್ ಉದ್ದಕ್ಕೆ ಎದ್ದು ನಿಂತಿದೆ. ಆ ಮಡಿಕೆಯನ್ನು ನೀರು ಅಡ್ಡಡ್ಡ ಕೊಯ್ದು ಕಮರಿಗಳನ್ನು ಮಾಡಿದೆ. ಗ್ರ್ಯಾಂಡ್ ವಾಶ್ ಎನ್ನುವುದು ಅಂಥದ್ದೊಂದು. ನೆಲದಲ್ಲಿ ಒಣ ಮರಳು, ಎರಡೂ ಕಡೆ ನೂರಾರು ಅಡಿಯ ಗೋಡೆ. ಮೇಲಿನ ನವಾಹೊ ಮರಳುಗಲ್ಲು ಸುಮಾರು 19 ಕೋಟಿ ವರ್ಷಗಳ ಹಿಂದೆ ಮರಳುದಿಬ್ಬಗಳಾಗಿತ್ತು. ಅಂದಿನ ಗಾಳಿ ಯಾವ ಕಡೆಗೆ ಬೀಸುತ್ತಿತ್ತು ಎಂಬುದನ್ನು ಕಲ್ಲಿನ ಓರೆ ಗೆರೆಗಳಲ್ಲಿ ಇಂದಿಗೂ ಓದಬಹುದು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಗುಡುಗು ಮಳೆಯ ಕಾಲ. ಎಲ್ಲೋ ದೂರದಲ್ಲಿ ಸುರಿದ ಮಳೆ ಇಲ್ಲಿ ಗೋಡೆಯಾಗಿ ನುಗ್ಗುತ್ತದೆ ಎಂದು ಎಚ್ಚರಿಕೆಯ ಫಲಕಗಳಿವೆ. ವಸಂತದಲ್ಲಿ ಆ ಭಯ ಕಡಿಮೆ, ಗಾಳಿಯ ಕಾಟ ಹೆಚ್ಚು. ಅಲ್ಲಿ ಲೆನ್ಸ್ ಬದಲಿಸಲು ಹೋದರೆ ಕ್ಯಾಮೆರಾದ ಹೊಟ್ಟೆಗೆ ಮರಳು ತುಂಬಿಸಿದಂತೆಯೇ.

ಬೆಳಕಿನ ವಿಷಯ ಹೇಳದೆ ಮುಂದೆ ಹೋಗಲಾರೆ. ನಡುಹಗಲಿನಲ್ಲಿ ಕ್ಯಾಮೆರಾ ಚೀಲದಿಂದ ತೆಗೆಯಬಾರದು ಎಂದು ಕಲಿತವನು ನಾನು. ಇಂಥ ಕಮರಿಯೊಳಗೆ ಆ ಪಾಠ ನಡೆಯುವುದಿಲ್ಲ. ಬಿಸಿಲು ಒಂದು ಗೋಡೆಯ ಮೇಲ್ಭಾಗಕ್ಕೆ ಬಿದ್ದು, ಕಲ್ಲಿನ ಕೆಂಪನ್ನು ಹೊತ್ತು ಎದುರಿನ ನೆರಳಿನ ಗೋಡೆಗೆ ಹಾರುತ್ತದೆ. ನೆರಳೇ ಒಳಗಿನಿಂದ ಕೆಂಡವಾದ ಹಾಗೆ ಬೆಳಗುತ್ತದೆ. ಆಕಾಶದ ಒಂದು ಚೂರು ಚೌಕಟ್ಟಿನೊಳಗೆ ಬಂದರೂ ಚಿತ್ರ ಹಾಳು. ಅಲ್ಲಿ ಬಿಳುಪು ಕುರುಡಾಗಿ, ಉಳಿದದ್ದೆಲ್ಲ ಕಪ್ಪಾಗುತ್ತದೆ. ಬಣ್ಣದ ನಿರ್ಧಾರವನ್ನು ಕ್ಯಾಮೆರಾಕ್ಕೆ ಬಿಟ್ಟರೆ ಅದು ಆ ಬೆಚ್ಚಗಿನ ಕಿತ್ತಳೆಯನ್ನು ಸರಿಪಡಿಸುತ್ತೇನೆಂದು ಹೊರಟು ಬೂದಿ ಮಾಡುತ್ತದೆ. ಹಗಲಿನ ಬೆಳಕಿಗೆ ಹೊಂದಿಸಿಟ್ಟುಕೊಳ್ಳಬೇಕು. ಅಳಿಯ ಗಡಿಯಾರ ನೋಡುತ್ತಾ ಮರಳಿನಲ್ಲಿ ಕುಳಿತಿದ್ದ. ಎಲ್ಲೋ ಮೇಲೆ ಒಂದು ಪುಟ್ಟ ಹಕ್ಕಿ, ಕ್ಯಾನ್ಯನ್ ರೆನ್ ಅಂತೆ, ಮೆಟ್ಟಿಲಿಳಿಯುವ ಸ್ವರದಲ್ಲಿ ಕೂಗಿತು. ನಾಲ್ಕಾರು ಮಂದಿ ಹಾದುಹೋದರು. ಅವರು ತಿರುವು ದಾಟುವವರೆಗೂ ನಾನು ಕಾದೆ.

ಹಾಗೆ ಕಾದು ಕಾದು ತೆಗೆದ ಚಿತ್ರದ ಮುಂದೆ ನಿಂತು, ಜನ ಎಲ್ಲಿ ಮಾರಾಯ?

ಮಾರನೆಯ ದಿನ ಮತ್ತೆ ಶುರುವಾಯಿತು. "ಇದು ಚಾರ್ಮಾಡಿ ರಸ್ತೆಯ ಪಕ್ಕದ ಧರೆಯ ಹಾಗಿದೆಯಲ್ಲ, ಇದನ್ನು ನೋಡಲು ವಿಮಾನ ಹತ್ತಬೇಕಿತ್ತೇ?" ನಾನು ಎತ್ತರ ಹೇಳಿದೆ. "ನೀನು ಹೇಳಿದರೆ ಆಯಿತೇ? ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿದ್ದರೆ ನನಗೇ ತಿಳಿಯುತ್ತಿತ್ತು." ಫೋಟೋಗ್ರಫಿ ಕಲಿಸುವವರು ಹೇಳುವುದೂ ಇದನ್ನೇ, ಅಳತೆಗೆ ಒಂದು ಆಕೃತಿ ಇರಲಿ ಎಂದು. ನನಗೆ ಮಾತು ಹೊರಡಲಿಲ್ಲ.

ಸಾಲಿನಲ್ಲಿ ಮುಂದಿನದು ಕೆಂಪು ಬಂಡೆಯ ಬುಡದಲ್ಲಿ ಬಿಳಿ ಹೂವು ಬಿಟ್ಟ ಮರಗಳ ಚಿತ್ರ. ಅದರ ಮುಂದೆ ದೊಡ್ಡಮ್ಮ ಬಹಳ ಹೊತ್ತು ನಿಂತರು. "ಈ ಮರಗಳು ಸಾಲಾಗಿವೆ. ಯಾರು ನೆಟ್ಟದ್ದು?"

ಯಾರು ನೆಟ್ಟದ್ದೆಂದು ನನಗೆ ಗೊತ್ತಿತ್ತು. ಆ ಉದ್ಯಾನದ ನಡುವೆ ಫ್ರೂಟಾ ಎಂಬ ಊರಿತ್ತು. ಯಾವ ಕಾಲದಲ್ಲೂ ಹತ್ತು ಸಂಸಾರ ದಾಟದ, ಮಾರ್ಮನ್ ಎಂಬ ಕ್ರೈಸ್ತ ಪಂಗಡದ ರೈತರ ಊರು. ಫ್ರೀಮಾಂಟ್ ನದಿಯಿಂದ ಕಾಲುವೆ ತೋಡಿ ಸೇಬು, ಚೆರ್ರಿ, ಪೀಚ್ ಬೆಳೆದರು. 1937ರಲ್ಲಿ ಸುತ್ತಲಿನ ಪ್ರದೇಶ ರಾಷ್ಟ್ರೀಯ ಸ್ಮಾರಕವಾಯಿತು, 1971ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ನಡುವಿನ ವರ್ಷಗಳಲ್ಲಿ ಸರ್ಕಾರ ಒಂದೊಂದೇ ಜಮೀನು ಕೊಂಡಿತು. ಕೊನೆಯ ನಿವಾಸಿ ಹೊರಟದ್ದು 1969ರಲ್ಲಿ. ತೋಟಗಳನ್ನು ಈಗ ಉದ್ಯಾನದವರೇ ನೋಡಿಕೊಳ್ಳುತ್ತಾರೆ. ಹಣ್ಣಿನ ಕಾಲದಲ್ಲಿ ಮರದ ಕೆಳಗೆ ನಿಂತು ತಿಂದರೆ ಕಾಸಿಲ್ಲ, ಹೊತ್ತೊಯ್ದರೆ ಕಾಸು. ಹತ್ತಿರದ ಕ್ಯಾಪಿಟಲ್ ಗಾರ್ಜ್ ಎಂಬ ಕಮರಿ 1962ರವರೆಗೆ ವಾಹನಗಳು ಓಡಾಡುವ ರಸ್ತೆಯೇ ಆಗಿತ್ತು. ಹಾದುಹೋದವರು ಗೋಡೆಯ ಮೇಲೆ ಹೆಸರು ಕೊರೆದಿದ್ದಾರೆ. ಅವರಿಗಿಂತ ಎಷ್ಟೋ ಶತಮಾನ ಮೊದಲು ಅಲ್ಲಿನ ಮೂಲನಿವಾಸಿಗಳಾದ ಫ್ರೀಮಾಂಟ್ ಜನ ಕೋಡಿನ ಕುರಿಗಳನ್ನೂ ಅಗಲ ಭುಜದ ಮನುಷ್ಯರನ್ನೂ ಬಂಡೆಯಲ್ಲಿ ಕೆತ್ತಿದ್ದರು. ಅದರ ಚಿತ್ರವನ್ನೂ ತೆಗೆದಿದ್ದೆ. ಕಟಕಟೆಯ ಬಳಿ ಪ್ರವಾಸಿಗರ ತಲೆಗಳು ಬಂದಿದ್ದವೆಂದು ಮುದ್ರಿಸಿರಲಿಲ್ಲ.

ಎಂ.ಸಿ. ಹಳ್ಳಿ ಎಂದಾಗಲೇ ನಮ್ಮ ಜಿಲ್ಲೆಯವರಿಗೆ ಹೊಳೆದಿರುತ್ತದೆ. ಭದ್ರಾ ಅಭಯಾರಣ್ಯದ ಒಳಗಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು 2001–02ರ ಸುಮಾರಿಗೆ ಸರ್ಕಾರದ ಪುನರ್ವಸತಿಯಲ್ಲಿ ಎಂ.ಸಿ. ಹಳ್ಳಿಗೂ ಕೆಳಗೂರಿಗೂ ಬಂದು ನೆಲೆಸಿದವು. ದೊಡ್ಡಮ್ಮನ ಮನೆ ಅವುಗಳಲ್ಲೊಂದು. ಅವರನ್ನು ಯಾರೂ ಕಣ್ಣೀರಿನ ಕಥೆಗೆ ಎಳೆಯಲಾಗದು. ಭತ್ತ ಆನೆಗೆ, ಮಳೆಗಾಲದಲ್ಲಿ ಬಾಣಂತಿ ದೇವರಿಗೆ, ಅಂಥ ಊರು ಯಾರಿಗೆ ಬೇಕು ಎಂದು ಅವರೇ ಹೇಳುತ್ತಾರೆ. ಈಗ ಬಸ್ಸಿದೆ, ಆಸ್ಪತ್ರೆ ಇದೆ, ಜಗಳವಾಡಲು ಅಕ್ಕಪಕ್ಕ ಇದೆ. ಮುಳ್ಳಯ್ಯನಗಿರಿಯ ಜನಜಂಗುಳಿಯ ಬಗ್ಗೆ ನಾನು ಗೊಣಗಿದರೆ, "ಬರಲಿ ಬಿಡು, ಬಸ್ಸು ಹೆಚ್ಚು ಬಿಡುತ್ತಾರೆ" ಎನ್ನುವವರು.

ನಾನೋ, ಅದೇ ಅಭಯಾರಣ್ಯದ ಮುತ್ತೋಡಿಗೆ ಹೋದಾಗಲೆಲ್ಲ ಆ ಕಾಡಿನ ನಡುವಿನ ಹುಲ್ಲುಬಯಲನ್ನು ತೆಗೆದಿದ್ದೇನೆ. ಅಂಥದ್ದೊಂದು ಚಿತ್ರ ಊಟದ ಮೇಜಿನ ಮೇಲಿನ ಗೋಡೆಯಲ್ಲಿದೆ, ಮೇಯುತ್ತಿರುವ ಕಾಟಿಗಳು. ದೊಡ್ಡಮ್ಮ ಅನ್ನ ಕಲಸುತ್ತಾ ತಲೆಯೆತ್ತಿ ಅದನ್ನು ನೋಡಿದರು. "ಬದು ಕಾಣುತ್ತದೆ ನೋಡು. ಯಾರದ್ದೋ ಗದ್ದೆ." ಎದ್ದು ಹೋಗಿ ನೋಡಿದೆ. ಹುಲ್ಲಿನ ಅಡಿಯಲ್ಲಿ ನೇರ ಗೆರೆಗಳು, ಒಂದರ ಕೆಳಗೊಂದು. ಕಾಟಿಯ ಕೊಂಬಿನ ಹೊಳಪನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ್ದ ನನ್ನ ಕಣ್ಣಿಗೆ ಅವು ಬಿದ್ದಿರಲಿಲ್ಲ.

ಅಂದಿನಿಂದ ಆ ಗೋಡೆಯ ಸಾಲನ್ನು ನೋಡಿದಾಗ ಒಂದು ತರಲೆ ಪ್ರಶ್ನೆ ಏಳುತ್ತದೆ. ನಾನು ಕಾದು, ದುಡ್ಡು ಸುರಿದು ಹುಡುಕಿದ ನಿಶ್ಶಬ್ದದಲ್ಲಿ ಕಲ್ಲಿನ ಪಾಲು ಎಷ್ಟು, ಯಾರೋ ಬೀಗ ಹಾಕಿ ಹೊರಟದ್ದರ ಪಾಲು ಎಷ್ಟು? ಕಾಡು ಉಳಿಯಬೇಕು, ಕಮರಿ ಉಳಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಫ್ರೂಟಾದಲ್ಲಿ ಹೋಟೆಲುಗಳ ಸಾಲು ಎದ್ದಿದ್ದರೆ ನಾನೇ ಮೊದಲು ಗೊಣಗುತ್ತಿದ್ದೆ. ಆದರೂ ಮನುಷ್ಯರೇ ಇಲ್ಲದ ಚಿತ್ರಗಳ ಕೆಳಗೆ "ಅಸ್ಪೃಷ್ಟ ಪ್ರಕೃತಿ" ಎಂದು ಬರೆಯುವ ನಮ್ಮ ಫೋಟೋಗ್ರಾಫರ್ ಬಳಗದ ಮೇಲೆ ಈಗ ಸಿಟ್ಟು ಬರುತ್ತದೆ. ಕಾಲುವೆ ತೋಡಿದವರು, ಬದು ಕಟ್ಟಿದವರು ಎಲ್ಲಿ ಹೋದರು?

ಹೊರಡುವ ದಿನ ಫ್ರೂಟಾದ ಕಥೆಯನ್ನು ದೊಡ್ಡಮ್ಮನಿಗೆ ಪೂರ್ತಿ ಹೇಳಿದೆ. ಚೀಲದ ಜಿಪ್ ಎಳೆಯುತ್ತಲೇ ಕೇಳಿಸಿಕೊಂಡರು.

"ಅವರಿಗೆ ಬದಲಿ ಜಮೀನು ಕೊಟ್ಟರೋ, ದುಡ್ಡು ಕೊಟ್ಟರೋ?"

ದುಡ್ಡು ಎಂದೆ.

"ದಡ್ಡರು. ನೀರಾವರಿ ಜಮೀನು ಕೇಳಬೇಕಿತ್ತು" ಎಂದು ಹೇಳಿ, ತರೀಕೆರೆ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸತೊಡಗಿದರು.