ಅರಳೆಯ ಜೊತೆ ಒಂಬತ್ತು ವಾರ

ತರುವ ಮುನ್ನ

ಮೊಲ ಸಾಕಬೇಕೆಂದು ತೀರ್ಮಾನಿಸಿದ ಮೇಲೂ ಎರಡು ತಿಂಗಳು ಕಾದೆ. ಚೆನ್ನಾಗಿ ನೋಡಿಕೊಂಡರೆ 8ರಿಂದ 12 ವರ್ಷ ಬದುಕುವ ಜೀವ ಅದು. ಅಂಗೈಯಲ್ಲಿ ಹಿಡಿಸುವ ಮರಿಗಳನ್ನು ಕಂಡಾಗ ಮನಸ್ಸು ಅತ್ತ ಎಳೆಯಿತು. ಆದರೆ 8 ವಾರ ತುಂಬುವ ಮೊದಲೇ ತಾಯಿಯಿಂದ ಅಗಲಿಸಿದ ಮರಿಗೆ ಹೊಟ್ಟೆ ಕೆಡುವ ಅಪಾಯ ಹೆಚ್ಚು. ಅದರ ಸ್ವಭಾವ ಹೇಗೆಂಬುದು ಪ್ರಾಯಕ್ಕೆ ಬಂದ ಮೇಲಷ್ಟೇ ತಿಳಿಯುತ್ತದೆ. ಹೊಸಬಳಾದ ನನಗೆ ದೊಡ್ಡ ಮೊಲವೇ ಸರಿ ಎನಿಸಿತು. ಪ್ರಾಣಿ ಆಶ್ರಯದಲ್ಲಿದ್ದ ಎರಡು ವರ್ಷದ ಬಿಳಿ ಹೆಣ್ಣುಮೊಲವನ್ನು ಆರಿಸಿದೆ. ಹೆಸರು ಅರಳೆ.

ಆರಿಸುವಾಗ ನೋಡಿದ್ದು ಇಷ್ಟು: ಕಣ್ಣು, ಮೂಗು ಒಣಗಿವೆಯೇ, ಮೇಲಿನ ಬಾಚಿಹಲ್ಲು ಕೆಳಗಿನದರ ಮುಂದೆ ಸರಿಯಾಗಿ ಕೂರುತ್ತದೆಯೇ, ಹಿಂಗಾಲಿನ ಅಡಿಯಲ್ಲಿ ಹುಣ್ಣಿದೆಯೇ, ಬಾಲದ ಸುತ್ತ ಸ್ವಚ್ಛವಾಗಿದೆಯೇ. ಮುಂಗಾಲಿನ ಒಳಬದಿಯನ್ನೂ ನೋಡಬೇಕೆಂದು ಅಲ್ಲಿಯವರು ಹೇಳಿಕೊಟ್ಟರು. ಸೋರುವ ಮೂಗನ್ನು ಮೊಲ ಮುಂಗಾಲಿನಿಂದಲೇ ಒರೆಸಿಕೊಳ್ಳುತ್ತದೆ, ಆ ಕೂದಲು ಗಂಟುಗಂಟಾಗಿದ್ದರೆ ಉಸಿರಾಟದ ಕಾಯಿಲೆ ಇರಬಹುದು. ಸಂತಾನಹರಣ ಶಸ್ತ್ರಚಿಕಿತ್ಸೆ ಅಲ್ಲೇ ಆಗಿತ್ತು. ಅದನ್ನು ಮಾಡಿಸದ ಹೆಣ್ಣುಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯವಂತೆ.

ದಿನ 1

ಪಂಜರ ಕೊಳ್ಳಲಿಲ್ಲ. ಕೋಣೆಯ ಒಂದು ಬದಿಗೆ 3 ಮೀಟರ್ ಉದ್ದ, 2 ಮೀಟರ್ ಅಗಲಕ್ಕೆ ಮಡಚುವ ಬೇಲಿ ಕಟ್ಟಿದ್ದೇನೆ. ನೆಲಕ್ಕೆ ದಪ್ಪ ಚಾಪೆ ಹಾಸಿದೆ. ಮೊಲದ ಪಾದಕ್ಕೆ ನಾಯಿ ಬೆಕ್ಕಿಗಿರುವಂಥ ಮೆತ್ತೆ ಇಲ್ಲ, ಕೂದಲಷ್ಟೇ. ತಂತಿಯ ನೆಲದ ಮೇಲೆ ಬೇಗ ಹುಣ್ಣಾಗುತ್ತದೆ. ಎರಡು ಕಡೆ ಬಾಗಿಲು ಕೊರೆದ ರಟ್ಟಿನ ಪೆಟ್ಟಿಗೆಯೂ ಇದೆ. ಅರಳೆ ಅದರೊಳಗೆ ಹೋಗಿ ಕೂತದ್ದು ಸಂಜೆಯವರೆಗೂ ಹೊರಬರಲಿಲ್ಲ. ನಾನು ಕರೆಯಲೂ ಇಲ್ಲ.

ದಿನ 4

ಟ್ರೇಯಲ್ಲಿ ಮೂತ್ರ ಕೆಂಪಗಿತ್ತು. ಕೈ ನಡುಗುತ್ತ ಪಶುವೈದ್ಯರಿಗೆ ಫೋಟೋ ಕಳುಹಿಸಿದೆ. ಸೊಪ್ಪಿನಲ್ಲಿರುವ ಬಣ್ಣದಿಂದ ಮೊಲದ ಮೂತ್ರ ಹಳದಿ, ಕಿತ್ತಳೆ, ಕೆಂಪು ಹೇಗೂ ಇರಬಹುದು. ರಕ್ತವಾದರೆ ಸಾಮಾನ್ಯವಾಗಿ ಒಂದೇ ಸಮ ಹರಡದೆ ಕಲೆಕಲೆಯಾಗಿ ಕಾಣುತ್ತದೆ ಎಂದರು. ಮರುದಿನ ಬಣ್ಣ ತಿಳಿಯಾಯಿತು.

ದಿನ 9

ಟ್ರೇ ಅಭ್ಯಾಸವಾಗಿದೆ. ಮೊಲಕ್ಕೆ ತಿನ್ನುತ್ತಲೇ ಹಿಕ್ಕೆ ಹಾಕುವ ರೂಢಿ, ಹಾಗಾಗಿ ಹುಲ್ಲಿನ ಬುಟ್ಟಿಯನ್ನು ಟ್ರೇಗೆ ತಾಗಿಸಿಯೇ ಇಟ್ಟೆ. ಟ್ರೇಗೆ ಕಾಗದದ ಉಂಡೆಗಳನ್ನು ಹಾಕುತ್ತೇನೆ. ಬೆಕ್ಕಿಗೆ ಬಳಸುವ, ನೀರು ತಾಗಿದರೆ ಗಟ್ಟಿಯಾಗುವ ಮಣ್ಣನ್ನು ಮೊಲ ತಿಂದರೆ ಕರುಳು ಕಟ್ಟಿಕೊಳ್ಳುತ್ತದೆ.

ಊಟದ ಲೆಕ್ಕ: ಒಣಹುಲ್ಲು ಹಗಲಿರುಳೂ ಎದುರಿಗಿರಬೇಕು, ಆಹಾರದ ಶೇ. 80ಕ್ಕಿಂತ ಹೆಚ್ಚು ಅದೇ ಆಗಿರಬೇಕು. ಬೆಳೆದ ಮೊಲವಾದ್ದರಿಂದ ಟಿಮೊಥಿ ಹುಲ್ಲು; ಆಲ್ಫಾಲ್ಫಾದಲ್ಲಿ ಕ್ಯಾಲ್ಸಿಯಂ ಹೆಚ್ಚು, ಅದು ಮರಿಗಳಿಗೆ. ಪೆಲೆಟ್, ಅಂದರೆ ಒತ್ತಿ ಮಾಡಿದ ಗುಳಿಗೆಯಂಥ ಸಿದ್ಧ ಆಹಾರ, ದೇಹದ ತೂಕದ ಕಿಲೋಗೆ 25 ಗ್ರಾಂ, ಅರಳೆಯ 1.9 ಕಿಲೋಗೆ 50 ಗ್ರಾಂ ಒಳಗೆ. ಜೊತೆಗೆ ಕೊತ್ತಂಬರಿ, ಪುದೀನ. ಕ್ಯಾರೆಟ್ಟಿನಲ್ಲಿ ಸಕ್ಕರೆ ಜಾಸ್ತಿ, ಅಪರೂಪಕ್ಕೆ ಒಂದು ಬಿಲ್ಲೆ.

ದಿನ 13

ಎತ್ತಿಕೊಳ್ಳಲು ಹೋದೆ, ಹಿಂಗಾಲಿನಿಂದ ಬಲವಾಗಿ ಒದ್ದಿತು. ಮೊಲದ ಮೂಳೆ ಹಗುರ, ಹಿಂಗಾಲಿನ ಶಕ್ತಿ ಮಾತ್ರ ದೊಡ್ಡದು. ಕೆಳಭಾಗಕ್ಕೆ ಆಸರೆಯಿಲ್ಲದೆ ಎತ್ತಿದರೆ ಆ ಒದೆತಕ್ಕೆ ತನ್ನದೇ ಬೆನ್ನುಮೂಳೆ ಮುರಿಯಬಹುದು. ಕಿವಿ ಹಿಡಿದು ಎತ್ತುವುದಂತೂ ಕ್ರೌರ್ಯ. ಇನ್ನು ಮೇಲೆ ಅಗತ್ಯವಿಲ್ಲದೆ ಎತ್ತುವುದಿಲ್ಲ, ನೆಲದ ಮೇಲೆ ಮಲಗಿ ಪುಸ್ತಕ ಓದುತ್ತೇನೆ, ಬೇಕಾದರೆ ಅದೇ ಬರಲಿ.

ದಿನ 23

ಈ ದಿನದ್ದನ್ನು ವಿವರವಾಗಿ ಬರೆದಿಡಬೇಕು.

ಸಂಜೆ ಪುದೀನ ಇಟ್ಟೆ. ಮೂಸಲೂ ಇಲ್ಲ. ಮೂಲೆಯಲ್ಲಿ ಬೆನ್ನು ಗೂನಾಗಿಸಿಕೊಂಡು, ಅರೆಗಣ್ಣು ಮುಚ್ಚಿ ಕೂತಿತ್ತು. ಹಲ್ಲು ಕಟಕಟ ಕಡಿಯುವ ಸದ್ದು ದೂರಕ್ಕೇ ಕೇಳುತ್ತಿತ್ತು. ಮುದ್ದಿಗೆ ಬರುವ ನವಿರಾದ ಸದ್ದಲ್ಲ ಇದು, ನೋವಿನದು. ಟ್ರೇ ನೋಡಿದೆ. ಬೆಳಗಿನಿಂದ ಬಿದ್ದದ್ದು ಸಾಸಿವೆಗಿಂತ ಸ್ವಲ್ಪ ದೊಡ್ಡ ಏಳೆಂಟು ಹಿಕ್ಕೆ, ಅವೂ ಕೂದಲೆಳೆಯಲ್ಲಿ ಪೋಣಿಸಿದಂತಿದ್ದವು.

ಮೊಲದ ಕರುಳು ನಿಲ್ಲಬಾರದು. 10–12 ಗಂಟೆ ತಿನ್ನದಿದ್ದರೆ ಅದು ತುರ್ತು ಸ್ಥಿತಿ, ಬೆಳಗಾಗಲೆಂದು ಕಾಯುವಂತಿಲ್ಲ. ಮೊಲ ವಾಂತಿ ಮಾಡಲಾರದು, ಒಳಗೆ ಹೋದದ್ದು ಮುಂದೆ ಸಾಗಲೇಬೇಕು. ಬುಟ್ಟಿಯಲ್ಲಿಟ್ಟುಕೊಂಡು ಓಡಿದೆ. ವೈದ್ಯರು ಮೊದಲು ಎಕ್ಸ್-ರೇ ತೆಗೆದರು. ಎಲ್ಲಾದರೂ ಕಟ್ಟಿಕೊಂಡಿದ್ದರೆ ಬಾಯಿಗೆ ಆಹಾರ ಹಾಕುವುದೇ ಅಪಾಯ. ಕಟ್ಟಿಕೊಂಡಿರಲಿಲ್ಲ. ನೋವಿನ ಔಷಧ ಕೊಟ್ಟರು, ಚರ್ಮದಡಿ ದ್ರವ ಏರಿಸಿದರು, ಹುಲ್ಲಿನ ಪುಡಿಯ ಗಂಜಿಯನ್ನು ಸಿರಿಂಜಿನಲ್ಲಿ ಕುಡಿಸುವುದನ್ನು ಕಲಿಸಿದರು.

“ಹುಲ್ಲು ಎಷ್ಟು ತಿನ್ನುತ್ತಿತ್ತು?” ಎಂದು ಕೇಳಿದರು. ಕಳೆದ ವಾರವಿಡೀ ಅದು ಬಾಳೆಹಣ್ಣಿಗೆ ಓಡಿ ಬರುತ್ತದೆಂಬ ಸಂತೋಷಕ್ಕೆ ದಿನಕ್ಕೆ ಎರಡು ಮೂರು ಸಲ ಕೊಟ್ಟಿದ್ದೆ. ಹುಲ್ಲಿನ ಬುಟ್ಟಿ ಖಾಲಿಯಾಗದೆ ಉಳಿದಿತ್ತು, ಕಂಡೂ ಯೋಚಿಸಿರಲಿಲ್ಲ. ಕೂದಲು ಉದುರುವ ಕಾಲ ಬೇರೆ, ಬ್ರಷ್ ಮಾಡುವುದನ್ನೂ ತಪ್ಪಿಸಿದ್ದೆ. ಬೇಟೆಗೆ ಸಿಕ್ಕುವ ಪ್ರಾಣಿ ನೋವನ್ನು ಮುಚ್ಚಿಡುತ್ತದೆ. ನನಗೆ ಕಂಡದ್ದು ಕೊನೆಯ ಹಂತ ಮಾತ್ರ.

ರಾತ್ರಿಯೆಲ್ಲ ಪಕ್ಕದಲ್ಲಿ ಕೂತು ಸ್ವಲ್ಪ ಸ್ವಲ್ಪವೇ ಕುಡಿಸಿದೆ. ಬೆಳಗಿನ ಜಾವ 4 ಗಂಟೆಗೆ ಟ್ರೇಯಲ್ಲಿ ಐದು ಹಿಕ್ಕೆ. ಅತ್ತುಬಿಟ್ಟೆ.

ದಿನ 30

ಹಿಂದಿನ ಪುಟಗಳಲ್ಲೆಲ್ಲ ಅರಳೆಯನ್ನು ‘ಅದು’ ಎಂದೇ ಬರೆದಿದ್ದೇನೆ. ಆ ರಾತ್ರಿಯಿಂದೀಚೆಗೆ ಬರೆಯಲು ಕೂತರೆ ‘ಅವಳು’ ಎಂದೇ ಬರುತ್ತದೆ. ಇರಲಿ.

ಹಣ್ಣು ಈಗ ವಾರಕ್ಕೊಮ್ಮೆ, ಹೆಬ್ಬೆರಳಿನ ಉಗುರಿನಷ್ಟು. ದಿನವೂ ಬ್ರಷ್. ಪ್ರತಿ ಭಾನುವಾರ ಅಡುಗೆಮನೆಯ ತಕ್ಕಡಿಯಲ್ಲಿ ತೂಕ: ಈ ವಾರ 1.82 ಕಿಲೋ. ಬೆಳಿಗ್ಗೆ ಎದ್ದ ಕೂಡಲೇ ಟ್ರೇ ನೋಡುತ್ತೇನೆ. ದುಂಡಗಿನ, ಒಂದೇ ಗಾತ್ರದ, ಒಡೆದರೆ ಹುಲ್ಲಿನ ನಾರು ಕಾಣುವ ಹಿಕ್ಕೆ ಇದ್ದರೆ ದಿನ ಚೆನ್ನಾಗಿ ಆರಂಭವಾದಂತೆ. ದ್ರಾಕ್ಷಿ ಗೊಂಚಲಿನಂಥ ಮೆತ್ತನೆಯದು ಬೇರೆ. ಅದು ನೇರವಾಗಿ ಅವಳ ಬಾಯಿಗೆ ಹೋಗುತ್ತದೆ, ಬಿ ಜೀವಸತ್ವಗಳೂ ಪ್ರೋಟೀನೂ ಅದರಲ್ಲಿರುತ್ತವೆ. ತಡೆಯಬಾರದು.

ದಿನ 44

ಎರಡು ವಿದ್ಯುತ್ ತಂತಿಗಳು ಹೋದವು. ಉಳಿದವಕ್ಕೆಲ್ಲ ಗಟ್ಟಿ ಪ್ಲಾಸ್ಟಿಕ್ ಕೊಳವೆ ತೊಡಿಸಿದೆ. ಬಿಸಿಲು ಏರುತ್ತಿದೆ, ಮೊಲ ನಮ್ಮ ಹಾಗೆ ಬೆವರುವುದಿಲ್ಲ, ಹೆಚ್ಚಿನ ಶಾಖವನ್ನು ಕಿವಿಯ ಮೂಲಕವೇ ಹೊರಹಾಕುತ್ತದೆ. ಮಧ್ಯಾಹ್ನ ತಣ್ಣನೆಯ ಕಲ್ಲುಹಾಸು ಇಡುತ್ತಿದ್ದೇನೆ, ಅವಳು ಅದರ ಮೇಲೆಯೇ ಚಾಚಿಕೊಳ್ಳುತ್ತಾಳೆ.

ದಿನ 63

ಇಂದು ಮುಸ್ಸಂಜೆ ನೆಲದ ಮೇಲೆ ಮಲಗಿ ಓದುತ್ತಿದ್ದೆ. ಅರಳೆ ಬಂದು ಪುಸ್ತಕದ ಅಂಚಿಗೆ ಗದ್ದ ಉಜ್ಜಿದಳು. ಗದ್ದದಡಿಯ ಗ್ರಂಥಿಯ ವಾಸನೆ ಹಚ್ಚಿ ‘ಇದು ನನ್ನದು’ ಎಂದು ಸಾರುವ ರೀತಿ ಅದು. ಆಮೇಲೆ ನನ್ನ ಮೊಣಕೈಗೂ ಉಜ್ಜಿದಳು. ಕೋಣೆಯ ಆ ತುದಿಗೆ ಓಡಿ, ಗಾಳಿಯಲ್ಲಿ ಮೈ ತಿರುಚಿ ನೆಗೆದಳು, ಮರಳಿ ಬಂದು ನನ್ನ ಪಕ್ಕೆಗೆ ಒರಗಿ ದೊಪ್ಪನೆ ಅಡ್ಡಬಿದ್ದಳು. ಮೊದಲ ಸಲ ಹೀಗೆ ಬಿದ್ದಾಗ ಸತ್ತೇಹೋದಳೆಂದು ಎದೆ ಧಸಕ್ಕೆಂದಿತ್ತು. ನಿಶ್ಚಿಂತೆಯಿಂದ ಇರುವ ಮೊಲ ಹೀಗೆಯೇ ಮಲಗುತ್ತದೆ.

ಮೊಲಕ್ಕೆ ಮೊಲವೇ ಸಂಗಾತಿ, ನಾನು ಎಷ್ಟು ಹೊತ್ತು ನೆಲದ ಮೇಲಿದ್ದರೂ ಆ ಕೊರತೆ ತುಂಬುವುದಿಲ್ಲ. ಆಶ್ರಯದಲ್ಲಿ ಬೀಜ ತೆಗೆಸಿದ ಮೂರು ವರ್ಷದ ಗಂಡುಮೊಲ ಒಂದಿದೆ. ನೇರವಾಗಿ ಅವಳ ಬೇಲಿಯೊಳಗೆ ಬಿಟ್ಟರೆ ಕಾದಾಟವಾದೀತು. ಮೊದಲು ನಡುವೆ ಬೇಲಿಯಿಟ್ಟು ಅಕ್ಕಪಕ್ಕ, ಆಮೇಲೆ ಇಬ್ಬರಿಗೂ ಹೊಸದಾದ ಜಾಗದಲ್ಲಿ ಸ್ವಲ್ಪ ಹೊತ್ತು ಭೇಟಿ. ಅದಕ್ಕೆ ಹಜಾರವನ್ನು ಖಾಲಿ ಮಾಡುತ್ತಿದ್ದೇನೆ.

ಈ ಭಾನುವಾರದ ತೂಕ: 1.91 ಕಿಲೋ.