ಒಂದೇ ಥರದ ಎರಡು ವಿಮಾನ

2022ರ ಮಾರ್ಚ್ 10. ಪೋಲೆಂಡಿನ ಜೆಶುಫ್ ವಿಮಾನ ನಿಲ್ದಾಣದಲ್ಲಿ ನಾವು, ಯುದ್ಧದ ಉಕ್ರೇನಿನಿಂದ ಓಡಿ ಬಂದ ಸೂಮಿ ನಗರದ ಮೆಡಿಕಲ್ ವಿದ್ಯಾರ್ಥಿಗಳು, ಚಳಿಗೆ ಮುದುಡಿ ನಿಂತಿದ್ದೆವು. ಪೊಲ್ಟಾವಾ ತನಕ ಬಸ್ಸು, ಅಲ್ಲಿಂದ ಲ್ವಿವ್‌ಗೆ ರೈಲು, ಆಮೇಲೆ ಗಡಿ. ಎರಡು ರಾತ್ರಿ ನಿದ್ದೆ ಇರಲಿಲ್ಲ.

ಬೂದು ಬಣ್ಣದ ದೈತ್ಯ ಸಿ-17 ಸರಕು ವಿಮಾನ ಒಂದು ಇಳಿಯಿತು. "ನಮ್ಮ ಏರ್‌ಫೋರ್ಸ್‌ದು ಬಂತು ಕಣ್ರೋ!" ಎಂದು ಒಬ್ಬ ಕೂಗಿದ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಹತ್ತಿರ ಬಂದಾಗ ನೋಡಿದರೆ ಮೈಮೇಲೆ ಅಮೆರಿಕದ ನಕ್ಷತ್ರ! ಹಿಂಬಾಗಿಲು ತೆರೆದು, ಬಲೆ ಬಿಗಿದ ಪೆಟ್ಟಿಗೆಗಳನ್ನು ಇಳಿಸತೊಡಗಿದರು. ಒಳಗೇನಿದೆ ಎಂದು ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನಾವು ಓಡಿ ಬಂದ ದಿಕ್ಕಿಗೇ ಅವು ಹೊರಟಿದ್ದವು.

ನನಗೆ ನೆನಪಾದದ್ದು ನಮ್ಮ ಹಾಸ್ಟೆಲ್ ಕಾಯುತ್ತಿದ್ದ ಬಾಬುಷ್ಕಾ, ಅಂದರೆ ಅಜ್ಜಿ. ಕರೆಂಟು, ನೀರು ಹೋದಾಗ ಬಕೆಟ್‌ನಲ್ಲಿ ಹಿಮ ತುಂಬಿ ಕರಗಿಸಿ ಕುಡಿಯೋದು ಹೇಗೆ ಅಂತ ತೋರಿಸಿಕೊಟ್ಟವಳು. ನೆಲಮಾಳಿಗೆಯಲ್ಲಿ ಕೂತು ದಿನವಿಡೀ ಒಂದೇ ಮಾತು: "ಆಕಾಶ ಮುಚ್ಚಲಿ." ರಷ್ಯಾದ ವಿಮಾನಗಳು ಹಾರದಂತೆ ಅಮೆರಿಕ, ಯುರೋಪಿನ ದೇಶಗಳ ಸೇನಾ ಕೂಟ ನ್ಯಾಟೋ ತಡೆಯಲಿ ಅಂತ. ಮಾರ್ಚ್ 4ರಂದು ನ್ಯಾಟೋ ಆಗಲ್ಲ ಎಂದಿತು. ತಡೆಯುವುದು ಅಂದರೆ ಹೊಡೆದು ಉರುಳಿಸುವುದು, ಅಂದರೆ ನೇರ ಯುದ್ಧ. ಸುದ್ದಿ ಕೇಳಿ ಆಕೆ ಆಲೂಗಡ್ಡೆ ಸುಲಿಯುತ್ತಲೇ ಹೇಳಿದಳು, "ಹೆಗಲ ಮೇಲಿಟ್ಟು ಹೊಡೆಯೋ ಕ್ಷಿಪಣಿ ಕೊಡ್ತಾರಂತೆ. ಆಕಾಶ ಕೊಡಲ್ವಂತೆ."

ಜಾವೆಲಿನ್, ಎನ್‌ಲಾ ಎಂಬ ಹೆಗಲ ಕ್ಷಿಪಣಿಗಳು ಟ್ಯಾಂಕು ಹೊಡೆಯಲು ಸರಿ. ಮೇಲಿನಿಂದ ಬೀಳುವ ಬಾಂಬಿಗೆ ಏನು ಮಾಡೋದು? ಅದೇ ವಾರ ಅಮೆರಿಕ, ಬರುವ ಕ್ಷಿಪಣಿ, ವಿಮಾನಗಳನ್ನು ಆಕಾಶದಲ್ಲೇ ಹೊಡೆಯುವ ಎರಡು ಪೇಟ್ರಿಯಟ್ ಬ್ಯಾಟರಿ ಕಳಿಸುತ್ತೇನೆ ಎಂದಿತ್ತು. ಕೊಟ್ಟದ್ದು ಪೋಲೆಂಡನ್ನು ಕಾಯಲಿಕ್ಕೆ. ತಪ್ಪು ಅನ್ನಲಾರೆ, ಆದರೆ ಆಗ ಸಿಟ್ಟು ಬಂದಿತ್ತು.

ನಮ್ಮ ಸಿ-17 ರಾತ್ರಿ ಹೊರಟಿತು. ಅಪ್ಪ ಫೋನಿನಲ್ಲಿ "ಹತ್ತಿದ್ಯೇನೋ?" ಅಂತ ಮೂರು ಸಲ ಕೇಳಿದರು. ನಮ್ಮ ದೇಶ ಆ ದಿನಗಳಲ್ಲಿ ಉಕ್ರೇನಿಗೆ ಕಳಿಸಿದ್ದು ಕಂಬಳಿ, ಟೆಂಟು, ಔಷಧ.

ಆಮೇಲಿನದೆಲ್ಲ ಮನೆಯಲ್ಲೇ ಕೂತು ಓದಿದ್ದು. 2022ರ ಜೂನಿನಲ್ಲಿ ಉಕ್ರೇನಿಗೆ ದೂರಕ್ಕೆ ರಾಕೆಟ್ ಹಾರಿಸುವ ಹೈಮಾರ್ಸ್. 2023ರ ಜನವರಿಯಲ್ಲಿ ಲೆಪರ್ಡ್ ಟ್ಯಾಂಕಿಗೆ ಜರ್ಮನಿಯ ಒಪ್ಪಿಗೆ. ಏಪ್ರಿಲ್‌ನಲ್ಲಿ ಉಕ್ರೇನಿಗೇ ಪೇಟ್ರಿಯಟ್. ಎಫ್-16 ಯುದ್ಧವಿಮಾನ ಅಲ್ಲಿ ಹಾರಿದ್ದು 2024ರ ಆಗಸ್ಟ್‌ನಲ್ಲಿ. ಪ್ರತಿ ಸಲವೂ ಮೊದಲು "ಆಗಲ್ಲ", ತಿಂಗಳುಗಟ್ಟಲೆ ಚರ್ಚೆ, ಆಮೇಲೆ "ಸರಿ". ರಷ್ಯಾದ ಅಣುಬಾಂಬಿನ ಭಯ ಸುಳ್ಳಲ್ಲ. ಆದರೆ ಕೊನೆಗೆ ಕೊಡೋದೇ ಆದರೆ ಇಷ್ಟು ತಡ ಯಾಕೆ?

ಪೇಟ್ರಿಯಟ್ ಬಂದ ಸುದ್ದಿಗೆ ನಾನು ಬಾಬುಷ್ಕಾಗೆ ಮೆಸೇಜ್ ಹಾಕಿದ್ದೆ. "ಕೀವ್‌ಗೆ ಬಂತು, ಒಳ್ಳೇದಾಯ್ತು," ಎಂದಿದ್ದಳು.

2025ರ ಏಪ್ರಿಲ್ 13, ಕ್ರೈಸ್ತರ ಗರಿಗಳ ಭಾನುವಾರ. ಸೂಮಿಯ ನಡುವೆ ಎರಡು ಕ್ಷಿಪಣಿ ಬಿದ್ದು 30ಕ್ಕೂ ಹೆಚ್ಚು ಜನ ಸತ್ತರು. ಫೋಟೋದಲ್ಲಿದ್ದ ಬೀದಿ ನನಗೆ ಗೊತ್ತಿದ್ದದ್ದೇ. ಕೈ ನಡುಗುತ್ತಾ ಮೆಸೇಜ್ ಹಾಕಿದೆ. ಸಂಜೆ ಉತ್ತರ ಬಂತು: "ಇದ್ದೇನೆ. ನೀನು ಪರೀಕ್ಷೆ ಪಾಸಾದೆಯಾ?"